ಬನಹಟ್ಟಿಯ ಓಣಿಯಲ್ಲಿ ಹಿಡಿದ ಬಲ್ಬು

ನಮ್ಮ ವಿದ್ಯುತ್ ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಲಿಗೆ ಬೀಳುತ್ತಾರೆ, ಪೇಡೆ ಕೊಡುತ್ತಾರೆ, ಆಮೇಲೆ ತಮ್ಮ ಕಂಪ್ಯೂಟರಿನ ವರ್ಣನೆ ಶುರುಮಾಡುತ್ತಾರೆ. ಯಾವ ಲೈನು ಹೋದರೆ ಯಾವ ಊರು ಕತ್ತಲಾಗುತ್ತದೆ ಎಂದು ಪರದೆಯೇ ಹೇಳುತ್ತದಂತೆ, ಕೆಂಪು ದೀಪ ಹಾಕಿ ತೋರಿಸುತ್ತದಂತೆ. ಛಲೋ ಆತು ಅನ್ನುತ್ತೇನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ‘ನಿಮ್ಮ ಕಂಪ್ಯೂಟರು ಎಂದಾದರೂ ಬನಹಟ್ಟಿಯ ಓಣಿಯೊಳಗೆ ನಡೆದಾಡಿದೆಯೇನು?’ ಅವರು ಮುದುಕಿಯ ತಮಾಷೆ ಎಂದು ನಗುತ್ತಾರೆ. ತಮಾಷೆ ಅಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದೆಲ್ಲ ನನ್ನ ಸರ್ವಿಸ್ ಪುಸ್ತಕದಲ್ಲಿದೆ, ಅದು ಅಲ್ಲೇ ಇರಲಿ. ನಮ್ಮದು ಸಂಸ್ಥಾನದ ಕಾಲದಿಂದ ಜಮಖಂಡಿಯಲ್ಲಿ ನೆಲೆಸಿದ ಮನೆತನ. ಗಂಡಸರೆಲ್ಲ ಕಾರಕೂನಿಕೆ, ಮಾಸ್ತರಿಕೆ ಮಾಡಿದವರು. ಎಂಜಿನಿಯರಿಂಗ್ ಓದಿದ ಮೊದಲ ಹೆಣ್ಣು ನಾನು. ನಾನು ಜಮಖಂಡಿಯ ವಿದ್ಯುತ್ ಉಪಕೇಂದ್ರಕ್ಕೆ ಹಾಜರಾದ ದಿನ ಲೈನ್‌ಮನ್ನುಗಳೆಲ್ಲ ಗೇಟಿನ ಹತ್ತಿರ ನಿಂತು, ‘ಬಾಯಾರು ಕಂಬ ಏರ್ತಾರೇನಲೇ?’ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ನಿಚ್ಚಣಿಕಿ ತರ್ರಿ, ತೋರಸ್ತೇನಿ’ ಅಂದೆ. ಯಾರೂ ತರಲಿಲ್ಲ. ಅಂದಿನಿಂದ ನಾನು ಅವರಿಗೆಲ್ಲ ‘ಬಾಯಾರು’, ಅಂದರೆ ಅಮ್ಮಾವರು.

ಆಗ ನನ್ನ ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬನಹಟ್ಟಿಗೆ ಎರಡು ಕಡೆಯಿಂದ ವಿದ್ಯುತ್ತು ಹೋಗುತ್ತಿತ್ತು. ಒಂದು ಲೈನು ನಮ್ಮ ಜಮಖಂಡಿಯಿಂದ, ಇನ್ನೊಂದು ಮುಧೋಳದಿಂದ. ಒಂದು ಲೈನು ಕೈಕೊಟ್ಟರೆ ಇನ್ನೊಂದು ಇಡೀ ಊರನ್ನು ಹೊರುತ್ತದೆಯೋ, ಇಲ್ಲ ಅದೂ ಮಂಡಿಯೂರುತ್ತದೆಯೋ? ಇದನ್ನು ಮೊದಲೇ ತಿಳಿದುಕೊಳ್ಳುವುದಕ್ಕೆ ವ್ಯವಸ್ಥೆಯ ಸುರಕ್ಷತೆಯನ್ನು ಅಳೆಯುವುದು ಎನ್ನುತ್ತಾರೆ. ಬನಹಟ್ಟಿ ಎಂದರೆ ಮಗ್ಗದ ಊರು. ಮಗ್ಗ ನಿಂತರೆ ಒಲೆ ನಿಲ್ಲುವ ಊರು. ಹಾಗಾಗಿ ಈ ಪ್ರಶ್ನೆ ಬರೀ ಕಾಗದದ್ದಾಗಿರಲಿಲ್ಲ.

ಅಳೆಯುವ ಮೊದಲ ವಿಧಾನ ದಸ್ತಗೀರಸಾಬರದು. ಅವರು ನಮ್ಮ ಉಪಕೇಂದ್ರದ ಹಿರಿಯ ಆಪರೇಟರು. ಟ್ರಾನ್ಸ್‌ಫಾರ್ಮರಿನ ಮೈ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅದರ ಗುಂಯ್ ಸದ್ದು ಕೇಳಿ ತೀರ್ಪು ಕೊಡುತ್ತಿದ್ದರು. ‘ಮೈ ಕಾದೈತ್ರಿ ಬಾಯಾರ, ಆದ್ರ ಇದು ಜ್ವರ ಅಲ್ಲ, ದುಡದ ಬಿಸಿ. ಇನ್ನೂ ತಡಕೊಳ್ತೈತಿ.’ ನಾನು ಬೆರಗಾಗಿ ನೋಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹೊಳೆಯ ದಂಡೆಯ ಪಂಪುಗಳೆಲ್ಲ ಒಟ್ಟಿಗೇ ಚಾಲೂ ಆದ ದಿನ ಅವರು ಹೀಗೇ ‘ತಡಕೊಳ್ತೈತಿ’ ಎಂದು ಹೇಳಿ, ಕೈ ತೆಗೆದು, ಚಹಾಕ್ಕೆ ಹೊರಳಿದರು. ಹಿಂದೆಯೇ ಧಡ್ ಎಂದು ಸದ್ದಾಗಿ, ಕುದಿಯುವ ಎಣ್ಣೆ ಕಾರಂಜಿಯಂತೆ ಚಿಮ್ಮಿತು. ಅವರು ನಿಂತಿದ್ದ ಜಾಗವೆಲ್ಲ ಎಣ್ಣೆಯಲ್ಲಿ ಮಿಂದಿತ್ತು. ಸಾಬರು ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ‘ಯಾ ಅಲ್ಲಾ, ನನ್ನ ಕೈಯ ನನಗ ಮೋಸ ಮಾಡ್ತಲ್ಲ’ ಎಂದರು. ಆಮೇಲೆ ಅವರು ಯಾವ ಟ್ರಾನ್ಸ್‌ಫಾರ್ಮರಿನ ಮೈಯನ್ನೂ ಮುಟ್ಟಿ ಮಾತಾಡಿದ್ದು ನಾನು ಕಾಣೆ.

ಎರಡನೆಯ ವಿಧಾನ ನನ್ನದು, ಅಂದರೆ ಕಾಗದದ್ದು. ಟೇಬಲ್ಲಿನಷ್ಟು ಅಗಲದ ಹಾಳೆಯ ಮೇಲೆ ಎಲ್ಲ ಲೈನುಗಳ ನಕ್ಷೆ ಬರೆದು, ಪ್ರತಿಯೊಂದಕ್ಕೂ ಬಾಣದ ಗುರುತು ಹಾಕಿ, ಇಷ್ಟು ವಿದ್ಯುತ್ತು ಈ ಕಡೆಯಿಂದ ಆ ಕಡೆಗೆ ಎಂದು ಕೈಯಿಂದಲೇ ಲೆಕ್ಕ ಮಾಡುವುದು. ಒಂದು ಲೈನು ಅಳಿಸುವುದು, ಮತ್ತೆ ಮೊದಲಿನಿಂದ ಲೆಕ್ಕ. ಎಲ್ಲಾದರೂ ಒಂದು ದಶಾಂಶ ತಪ್ಪಿತೋ, ಮಧ್ಯಾಹ್ನದ ರೊಟ್ಟಿಯೂ ಇಲ್ಲ, ಸಂಜೆಯ ಬಸ್ಸೂ ಇಲ್ಲ. ಇದನ್ನು ಮಾಡಿಸುತ್ತಿದ್ದವರು ನಮ್ಮ ಮೇಲಧಿಕಾರಿ ಮೂರ್ತಿ ಸಾಹೇಬರು. ಮೈಸೂರು ಕಡೆಯವರು. ಇಸ್ತ್ರಿಯ ಅಂಗಿ, ದಪ್ಪ ಕನ್ನಡಕ. ಸಿಟ್ಟು ಬಂದರೆ ಕೂಗುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ನಮಗೆಲ್ಲ ಕೂಗಾಟವೇ ವಾಸಿ ಅನ್ನಿಸುತ್ತಿತ್ತು. ‘ಅಂದಾಜು ಅನ್ನೋ ಪದಾನ ನನ್ ಮುಂದೆ ಆಡ್ಬೇಡೀಮ್ಮ’ ಎನ್ನುತ್ತಿದ್ದರು. ಮನುಷ್ಯ ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಳೆಯಲ್ಲಿ ಬರೆಯದ್ದು ಜಗತ್ತಿನಲ್ಲಿ ಇಲ್ಲ ಎಂದು ನಂಬಿದ್ದರು.

ಮೂರನೆಯದು ಕಂಪ್ಯೂಟರು. ಅದು ಇದ್ದದ್ದು ಬೆಂಗಳೂರಿನಲ್ಲಿ, ನಾವದರ ಮುಖ ನೋಡಿದವರಲ್ಲ. ಒಂದೊಂದು ಲೈನಿಗೆ ಒಂದೊಂದು ರಟ್ಟಿನ ಕಾರ್ಡು. ಅಲ್ಲಿ ಅದಕ್ಕೆ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುತ್ತಿದ್ದರು. ನಾವು ಅಂಕಿಗಳನ್ನು ಕಳಿಸಿ ಕಾಯುತ್ತ ಕುಳಿತೆವು. ಕೊನೆಗೆ ಉದ್ದಾನುದ್ದ ಕಾಗದದ ಸುರುಳಿ ಬಂತು. ಎಲ್ಲ ಊರುಗಳೂ ಸುರಕ್ಷಿತ! ಸಾಹೇಬರು ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದರು. ನಾನು ಸುರುಳಿ ಬಿಚ್ಚುತ್ತಾ ಹೋದೆ. ಜಮಖಂಡಿ ಇತ್ತು, ಮುಧೋಳ ಇತ್ತು, ಬನಹಟ್ಟಿ ಇತ್ತು.

‘ಸರ್, ಬೀಳಗಿ ಎಲ್ಲಿದೆ?’

‘ಸರಿಯಾಗಿ ನೋಡೀಮ್ಮ, ಇರುತ್ತೆ.’

ಇರಲಿಲ್ಲ. ಅನಗವಾಡಿ, ಬಾಡಗಂಡಿ ಎಲ್ಲ ಸೇರಿ ಇಡೀ ಬೀಳಗಿ ತಾಲೂಕೇ ಮಾಯ. ಬೀಳಗಿಗೆ ಹೋಗುವ ಲೈನಿನ ಕಾರ್ಡು ಯಾರದೋ ಕೈಯಿಂದ ಜಾರಿ ಟೇಬಲ್ಲಿನ ಕೆಳಗೆ ಬಿದ್ದಿತ್ತಂತೆ, ಆಮೇಲೆ ಕಸ ಹೊಡೆಯುವಾಗ ಸಿಕ್ಕಿತಂತೆ. ಒಂದು ತಾಲೂಕಿನ ಭಾರವೇ ಕಳೆದುಹೋದರೆ ಉಳಿದದ್ದು ಸುರಕ್ಷಿತವಾಗಿರದೆ ಇನ್ನೇನಾದೀತು! ದಸ್ತಗೀರಸಾಬರು ಹೊಟ್ಟೆ ಹಿಡಿದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬೀಳಗಿ ಇಲ್ಲದ್ದು ಕಂಪ್ಯೂಟರಿಗೆ ಗೊತ್ತೇ ಆಗಿರಲಿಲ್ಲ, ಅಷ್ಟು ಧೈರ್ಯದಿಂದ ಉತ್ತರ ಕೊಟ್ಟಿತ್ತಲ್ಲ! ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅದೇ ಸುಮಾರಿಗೆ ಮೇಲಿನ ಕಚೇರಿಯಿಂದ ಆದೇಶ ಬಂತು. ಕಾಗದದ ಲೆಕ್ಕವೋ, ಕಂಪ್ಯೂಟರೋ, ಆಪರೇಟರಿನ ಅನುಭವವೋ, ಯಾವುದನ್ನು ನಂಬಬೇಕೆಂದು ಹೋಲಿಸಿ ವರದಿ ಕೊಡಿ ಎಂದು. ಬೀಳಗಿಯ ಕಾರ್ಡು ಸೇರಿಸಿ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ನೋಡಿಸಿದೆವು. ಜಮಖಂಡಿ ಲೈನು ಹೋದರೂ ಮುಧೋಳದ ಲೈನು ಬನಹಟ್ಟಿಯನ್ನು ಹೊರುತ್ತದೆ ಎಂದಿತು. ನನ್ನ ಕಾಗದವೂ ಹಾಗೇ ಹೇಳಿತು. ದಸ್ತಗೀರಸಾಬರು ಕೂಡ ಅಳುಕುತ್ತಲೇ ‘ಹೊರ್ತೈತ್ರಿ’ ಅಂದರು. ಮೂವರೂ ಒಂದೇ ಮಾತು ಹೇಳಿದ ಮೇಲೆ ಸಾಹೇಬರಿಗೆ ಹುರುಪು ಬಂತು. ‘ಹಾಗಾದ್ರೆ ಹಗಲಲ್ಲೇ ಜಮಖಂಡಿ ಲೈನ್ ತೆಗೆದು ನೋಡೇಬಿಡೋಣ. ಮಗ್ಗದೋರಿಗೆ ಮುಂಚೆ ತಿಳಿಸ್ಬೇಡಿ, ತಿಳಿಸಿದ್ರೆ ಮಗ್ಗ ನಿಲ್ಲಿಸ್ತಾರೆ, ಪರೀಕ್ಷೆ ಕೆಡುತ್ತೆ.’

ಮಾತು ನ್ಯಾಯವಾದದ್ದೇ. ನಾನು ಬನಹಟ್ಟಿಯ ಉಪಕೇಂದ್ರದಲ್ಲಿ ಮೀಟರುಗಳ ಮುಂದೆ ನಿಂತೆ. ಸಾಹೇಬರು ಜಮಖಂಡಿಯಿಂದ ಫೋನಿನಲ್ಲಿ ‘ತೆಗೀತಿದ್ದೀನಮ್ಮ’ ಎಂದರು, ಲೈನು ತೆಗೆದರು. ಮುಧೋಳದ ಲೈನು ಮೊದಲು ತಡೆಯಿತು. ವೋಲ್ಟೇಜು ಸ್ವಲ್ಪ ಕುಗ್ಗಿತು. ಕುಗ್ಗಿದಂತೆ ಮಗ್ಗದ ಮೋಟಾರುಗಳು ಏದುಸಿರು ಬಿಡುತ್ತ ಇನ್ನೂ ಹೆಚ್ಚು ಕರೆಂಟು ಎಳೆದವು. ಎಳೆದಂತೆ ವೋಲ್ಟೇಜು ಇನ್ನಷ್ಟು ಕುಗ್ಗಿತು. ಮೀಟರಿನ ಮುಳ್ಳು ನನ್ನ ಕಣ್ಣೆದುರೇ ಅಂಚಿಗೆ ಹೋಗಿ ನಡುಗಿತು. ಢಣ್ ಎಂದು ಮುಧೋಳದ ಲೈನೂ ಕಳಚಿಕೊಂಡಿತು. ಮೂರು ವಿಧಾನಗಳೂ ಒಟ್ಟಿಗೇ ಸುಳ್ಳಾದವು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಆಮೇಲಿನ ಮೌನ. ಬನಹಟ್ಟಿಯಲ್ಲಿ ಮಗ್ಗದ ಖಟಖಟ ಇಲ್ಲದ ಹಗಲನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೇಗೂ ಊರಿಗೆ ಊರೇ ಬಂದ್ ಆಗಿದೆ, ಇದೇ ಸಮಯ ಎಂದು ಅಲ್ಲಿಯ ಸೆಕ್ಷನ್ ಅಧಿಕಾರಿ ಒಂದು ಅನುಮತಿ ಕೇಳಿದರು. ಮಗ್ಗದ ಓಣಿಯೊಂದರ ಕಂಬದ ಟ್ರಾನ್ಸ್‌ಫಾರ್ಮರಿನ ಮೇಲೆ ತಂತಿಯ ಕೊಂಡಿ ಸುಟ್ಟಿತ್ತು. ಕರೆಂಟು ತೆಗೆಯಲು ಮಗ್ಗದವರು ಬಿಡುತ್ತಿರಲಿಲ್ಲವಾದ್ದರಿಂದ ರಿಪೇರಿ ಹಾಗೇ ಉಳಿದಿತ್ತು. ಸಾಹೇಬರು ಒಪ್ಪಿದರು. ನಾನು ಆ ಕಡೆಗೆ ಕರೆಂಟು ಬಿಡುವ ದೊಡ್ಡ ಸ್ವಿಚ್ಚನ್ನು, ಅಂದರೆ ಬ್ರೇಕರನ್ನು ತೆಗೆದು, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ. ಕೆಲಸಕ್ಕೆ ಹೊರಟವನು ಬೀರಪ್ಪ.

ಬೀರಪ್ಪ ನಮ್ಮ ಲೈನ್‌ಮನ್. ಕುರಿ ಕಾಯುವ ಮನೆತನದವನು. ಇಷ್ಟೆತ್ತರದ ಆಳು, ಮಾತು ಕಡಿಮೆ. ಕಂಬ ಏರುವ ಮುನ್ನ ಬೀರೇಶ್ವರನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಳ್ಳದಿದ್ದರೆ ಅವನ ಕಾಲು ಮೇಲಕ್ಕೆ ಹೋಗುತ್ತಿರಲಿಲ್ಲ. ‘ಬೀಗ ಹಾಕೀರಲ್ರಿ ಬಾಯಾರ?’ ಎಂದು ಕೇಳಿದ. ನಾನು ಸೆರಗಿನ ಗಂಟು ತೋರಿಸಿದೆ. ‘ಹಂಗಾರ ಬರ್ತೇನ್ರಿ’ ಎಂದು ಜೊತೆಗಾರನೊಬ್ಬನನ್ನು ಕರೆದುಕೊಂಡು ಜೀಪು ಹತ್ತಿದ.

ಸ್ವಲ್ಪ ಹೊತ್ತಿಗೇ ಆ ಜೊತೆಗಾರ ಓಡುತ್ತ ಬಂದು ಬಾಗಿಲು ಹಿಡಿದು ನಿಂತ. ‘ಬಾಯಾರ... ಕರೆಂಟ ಹೊಡೀತ್ರಿ... ಬೀರಪ್ಪಗ...’

ನಾನು ಮೊದಲು ನೋಡಿದ್ದು ಬ್ರೇಕರನ್ನು. ಬೀಗ ಹಾಗೇ ಇತ್ತು. ಕೈ ಸೆರಗಿಗೆ ಹೋಯಿತು. ಬೀಗದ ಕೈಯೂ ಹಾಗೇ ಇತ್ತು. ಊರಿನಲ್ಲಿ ಒಂದು ದೀಪವಿಲ್ಲ, ಎಲ್ಲಿಯ ಕರೆಂಟು? ಯವ್ವಾ, ನನಗೆ ಹುಚ್ಚು ಹಿಡಿದೀತು ಅನ್ನಿಸಿತು. ಫೋನಿನಲ್ಲಿ ಸಾಹೇಬರು, ‘ಬ್ರೇಕರ್ ಯಾರಮ್ಮ ಹಾಕಿದ್ದು?’ ಎಂದು ಮೊದಲ ಸಲ ಕೂಗಿದರು. ‘ಯಾರೂ ಹಾಕಿಲ್ಲ ಸರ್, ಯಾರೂ ಹಾಕಿಲ್ಲ’ ಎಂದು ನಾನೂ ಕೂಗಿದೆ.

ಬೀರಪ್ಪನ ಜೀವ ಉಳಿಯಿತು. ಮಿರಜಿನ ದೊಡ್ಡ ದವಾಖಾನೆಗೆ ಒಯ್ದರು. ಬಲಗೈಯನ್ನು ಮೊಣಕೈಯ ಮೇಲಿನಿಂದ ತೆಗೆದರು. ಆಮೇಲೆ ಮನೆಗೆ ಹತ್ತಿರವೆಂದು ಜಮಖಂಡಿಯ ದವಾಖಾನೆಗೆ ತಂದು ಮಲಗಿಸಿದರು.

ಇತ್ತ ವಿಚಾರಣೆ ನಡೆಯಿತು. ಕಂಬ ಏರುವ ಮುನ್ನ ಲೈನ್‌ಮನ್ ತಂತಿಗಳ ಮೇಲೆ ಸರಪಳಿ ಎಸೆದು ಅದನ್ನು ನೆಲಕ್ಕೆ ಜೋಡಿಸಬೇಕು. ಆಗ ತಪ್ಪಿ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗುತ್ತದೆ. ಬೀರಪ್ಪನ ಸರಪಳಿ ತಂತಿಯ ಮೇಲೆ ಇರಲಿಲ್ಲ, ಜೀಪಿನಲ್ಲಿತ್ತು. ಅವನನ್ನು ಕೆಳಗಿಳಿಸುವ ಗಡಿಬಿಡಿಯಲ್ಲಿ ತಾನೇ ಅದನ್ನು ಎಳೆದು ಜೀಪಿಗೆ ಹಾಕಿದೆ ಎಂದು ಜೊತೆಗಾರ ದೇವರಾಣೆ ಹಾಕಿ ಹೇಳಿದ. ಯಾರೂ ನಂಬಲಿಲ್ಲ. ಸರಪಳಿ ಹಾಕಿದ್ದರೆ, ಬ್ರೇಕರಿಗೂ ಬೀಗ ಇದ್ದರೆ, ಕರೆಂಟು ಹೊಡೆಯಲು ಸಾಧ್ಯವೇ ಇಲ್ಲ. ಹೊಡೆದಿದೆ ಎಂದರೆ ಸರಪಳಿ ಹಾಕಿಲ್ಲ, ಎಲ್ಲಿಂದಲೋ ಹೇಗೋ ತಗುಲಿದೆ. ಇದು ವಿಚಾರಣೆಗೆ ಬಂದವರ ತರ್ಕ. ಲೈನ್‌ಮನ್‌ನ ನಿರ್ಲಕ್ಷ್ಯ ಎಂದು ಷರಾ ಬರೆದ ವರದಿ ಸಹಿಗಾಗಿ ಸಾಹೇಬರ ಮೇಜಿಗೆ ಬಂತು. ಸಹಿ ಬಿದ್ದರೆ ಬೀರಪ್ಪನ ನೌಕರಿ ಹೋದಂತೆ.

ಬೀರಪ್ಪನ ಹೆಂಡತಿ ಮಾಳವ್ವ ಕಚೇರಿಗೆ ಬಂದಳು. ಕುರ್ಚಿ ಕೊಟ್ಟರೂ ಕೂಡಲಿಲ್ಲ.

‘ಬಾಯಾರ, ಅವರು ಸರಪಳಿ ಹಾಕಲಾರದ ಕಂಬ ಏರಿದವರಲ್ರಿ. ಮನ್ಯಾಗ ಮಾಳಗಿ ಏರಬೇಕಾದ್ರೂ ನಿಚ್ಚಣಿಕಿ ಅಲ್ಲಾಡಿಸಿ ನೋಡಿ ಏರ್ತಾರ. ಕೈ ಹೋತು, ಹೋಗ್ಲಿ, ಜೀವ ಉಳೀತು. ಆದ್ರ ತಪ್ಪು ನಿಂದ ಅಂತ ಬರಿಬ್ಯಾಡ್ರಿ. ಅವರು ಅನ್ನ ಬಿಟ್ಟು ಮಾರಿ ಗ್ವಾಡಿ ಕಡೆ ಮಾಡಿ ಮಲಗ್ಯಾರ.’

ನಾನು ದವಾಖಾನೆಗೆ ಹೋದೆ. ನಿಜವಾಗಿಯೂ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ನನ್ನ ದನಿ ಕೇಳಿ ಹೊರಳಿದ. ಬೈಯಲಿಲ್ಲ, ಅಳಲಿಲ್ಲ. ‘ಸರಪಳಿ ಹಾಕಿದ್ದೆನ್ರಿ’ ಅಂದ. ಆಮೇಲೆ ನನ್ನನ್ನೇ ನೋಡುತ್ತ ಕೇಳಿದ: ‘ಕರೆಂಟ ಯಾವ ಕಡಿಂದ ಬಂತ್ರಿ ಬಾಯಾರ?’

ಹೊರಗೆ ಬಂದು ಆ ಷರಾ ಬರೆದವರನ್ನೂ, ನಮ್ಮ ಹಾಳೆಗಳನ್ನೂ, ಬೆಂಗಳೂರಿನ ಆ ಕಂಪ್ಯೂಟರನ್ನೂ ಬಾಯಿಗೆ ಬಂದಂತೆ ಬೈದೆ. ಬೈಗುಳದಿಂದ ಏನಾಗಬೇಕು? ಮರುದಿನ ಬನಹಟ್ಟಿಯ ಆ ಓಣಿಗೇ ಹೋದೆ.

ಓಣಿಯಲ್ಲಿ ಎಲ್ಲರೂ ಚಹಾ ಕೊಟ್ಟರು, ಯಾರೂ ಮಾತು ಕೊಡಲಿಲ್ಲ. ‘ನಮಗೇನ ಗೊತ್ತಿಲ್ರಿ, ಪಾಪ ಛಲೋ ಮನಷ್ಯಾ’ ಎನ್ನುವುದು, ನೆಲ ನೋಡುವುದು. ಹೀಗೇ ಹೋಗುತ್ತಾ ಈಶ್ವರಪ್ಪ ಎನ್ನುವವರ ಮಗ್ಗದ ಮನೆಯಲ್ಲಿ ಕುಳಿತಿದ್ದೆ. ವಯಸ್ಸಾದ ನೇಕಾರರು, ನಯವಾದ ಮಾತು. ಅಷ್ಟರಲ್ಲಿ ದಿನದ ಸರದಿಯಂತೆ ಕರೆಂಟು ಹೋಯಿತು. ಹಿತ್ತಲಿನಲ್ಲಿ ಅವರ ಡೀಸೆಲ್ ಜನರೇಟರು ಡುಗುಡುಗು ಎಂದು ಚಾಲೂ ಆಯಿತು. ಅವರ ಮಗ್ಗಗಳು ಮತ್ತೆ ಓಡಿದವು. ಸರಿ. ಆದರೆ ರಸ್ತೆಯ ಆಚೆ ಅವರ ಕಾಕಾನ ಮಗನ ಮನೆಯ ಮಗ್ಗಗಳೂ ಓಡತೊಡಗಿದವು! ಆ ಮನೆಯಲ್ಲಿ ಜನರೇಟರಿನ ಸದ್ದೇ ಇಲ್ಲ.

ನಾನು ಬಾಗಿಲಿಗೆ ಬಂದು ಮೇಲೆ ನೋಡಿದೆ. ಈ ಮನೆಯಿಂದ ಆ ಮನೆಗೆ ಯಾವ ಕೇಬಲ್ಲೂ ಇಲ್ಲ. ಇದ್ದದ್ದು ಓಣಿಯುದ್ದಕ್ಕೂ ಹೋಗಿದ್ದ ನಮ್ಮ ಇಲಾಖೆಯ ತಂತಿ ಮಾತ್ರ.

‘ಈಶ್ವರಪ್ಪನವರ, ನಿಮ್ಮ ಜನರೇಟರದ ಕರೆಂಟ ಆಚಿ ಮನಿಗೆ ಹೆಂಗ ಹೋಗಾಕತ್ತೈತಿ?’

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ‘ನಿಮ್ಮ ತಂತಿ ಐತಲ್ರಿ ಬಾಯಾರ. ಕರೆಂಟ ಹೋದಾಗ ಅದು ಸುಮ್ನ ಖಾಲಿ ಇರ್ತೈತಿ. ನಮ್ಮದು ಅದರ ಮ್ಯಾಲ ಬಿಟ್ಟು ಹಂಚಿಕೊಳ್ತೀವ್ರಿ. ಎಲ್ಲಾ ಓಣ್ಯಾಗ ಹಿಂಗ ಮಾಡ್ತಾರ.’

‘ಅದು ಟ್ರಾನ್ಸ್‌ಫಾರ್ಮರಿಗೆ ಹೋಗೂದಿಲ್ಲೇನು?’

‘ಇಲ್ರಿ, ಇಲ್ರಿ. ಮೊದ್ಲ ಟ್ರಾನ್ಸ್‌ಫಾರ್ಮರದ ಪೆಟ್ಟಿಗ್ಯಾನ ಫ್ಯೂಜ್ ಕೀಳ್ತೀವಿ. ಆಮ್ಯಾಗ ಚಾಲೂ ಮಾಡ್ತೀವಿ. ಖರೆ ಹೇಳ್ತೇನ್ರಿ.’

‘ಆವತ್ತ ಕಿತ್ತಿದ್ರೇನು?’

ಅವರು ಕಟ್ಟೆಯ ಮೇಲೆ ಕುಸಿದು ಕುಳಿತರು. ಮಗ್ಗದ ಸದ್ದಿನಲ್ಲಿ ಅವರ ಮಾತು ಕೇಳಲು ನಾನು ಬಾಗಬೇಕಾಯಿತು. ‘ಕೀಳಾಕ ಹೋಗಿದ್ದೆನ್ರಿ. ಕಂಬದ ಹಂತ್ಯಾಕ ನಿಮ್ಮ ಮಂದಿ ನಿಂತಿದ್ರು. ಅವರ ಮುಂದ ಪೆಟ್ಟಿಗಿ ತಗದ್ರ ಸಿಕ್ಕೊಂಡ ಬೀಳ್ತೀನಿ ಅಂತ ಅಂಜಿಕಿ ಆತು. ಇಲಾಖೆದವರ ಬಂದಾರ ಅಂದ್ರ ಅವರ ಕಿತ್ತಿರ್ತಾರ ಅಂದ್ಕೊಂಡ ಹೊಳ್ಳಿ ಬಂದ ಚಾಲೂ ಮಾಡಿದೆ. ಎಪ್ಪಾ, ಅಂವ ಮ್ಯಾಲ ಏರ್ತಾನಂತ ನನಗ ಗೊತ್ತಿರಲಿಲ್ರಿ...’

ಬೀರಪ್ಪ ಸರಪಳಿ ಹಾಕಿದ್ದ. ಎಲ್ಲಿ ಹಾಕಿದ್ದ? ನಾವೆಲ್ಲ ಕಲಿಸಿದಂತೆ, ಕರೆಂಟು ಬರುವ ಕಡೆ, ನಾನಿದ್ದ ಉಪಕೇಂದ್ರದ ಕಡೆ. ನನ್ನ ಹಾಳೆಯ ಬಾಣಗಳೆಲ್ಲ ಅದೇ ದಿಕ್ಕಿಗಿದ್ದವು. ಆದರೆ ಅವತ್ತು ಕರೆಂಟು ಬಂದದ್ದು ಹಿಂದಿನಿಂದ, ಮನೆಗಳ ಕಡೆಯಿಂದ. ನಡುವಿನ ಕೊಂಡಿ ಸುಟ್ಟು ಕಡಿದಿದ್ದರಿಂದ ಅದು ಸರಪಳಿಯವರೆಗೆ ತಲುಪಲೇ ಇಲ್ಲ. ಟ್ರಾನ್ಸ್‌ಫಾರ್ಮರು ಮನೆಯ ಸಣ್ಣ ಕರೆಂಟನ್ನು ಹನ್ನೊಂದು ಸಾವಿರ ವೋಲ್ಟಿಗೆ ಏರಿಸಿ ಅವನ ಕೈಗೆ ಕೊಟ್ಟಿತ್ತು. ಬ್ರೇಕರಿಗೆ ಹಾಕಿದ್ದ ನನ್ನ ಬೀಗ ಅದನ್ನು ತಡೆಯುವುದಾದರೂ ಹೇಗೆ?

ಈಶ್ವರಪ್ಪ ಕೈ ಮುಗಿದರು. ಸಾಹೇಬರ ಮುಂದೆ ಹೇಳಲಾರೆ, ಹೇಳಿದರೆ ಓಣಿಯವರು ತನ್ನ ಮನೆಯ ನೀರು ಕುಡಿಯುವುದಿಲ್ಲ ಎಂದರು. ನಾನು ಅವರೊಡನೆ ಜಗಳಕ್ಕೆ ನಿಲ್ಲಲಿಲ್ಲ. ಸಾಹೇಬರ ಕೋಣೆಗೆ ಹೋಗಿ, ‘ಸರ್, ಷರಾಕ್ಕೆ ಸಹಿ ಹಾಕುವ ಮುಂಚೆ ಒಂದು ದಿನ ನನ್ನ ಜೊತೆ ಬನಹಟ್ಟಿಯಲ್ಲಿ ನಡೀಬೇಕು’ ಎಂದೆ. ನನ್ನ ಮುಖ ನೋಡಿ ಅವರು ಎದುರಾಡಲಿಲ್ಲ.

ಅಂದು ಹಗಲು ಇಡೀ ಊರಿನ ಲೈನು ಬಂದ್ ಮಾಡಿಸಿದೆವು. ಒಂದು ಬಿದಿರಿನ ಗಳದ ತುದಿಗೆ ಬಲ್ಬು ಕಟ್ಟಿ, ಅದರ ಎರಡು ತಂತಿಗಳಿಗೆ ಕೊಕ್ಕೆ ಮಾಡಿಸಿಕೊಂಡಿದ್ದೆ. ಮೊದಲ ಓಣಿಯಲ್ಲಿ ನಮ್ಮ ತಂತಿಗೆ ಕೊಕ್ಕೆ ಸಿಕ್ಕಿಸಿದೆ. ಬಲ್ಬು ಹತ್ತಿತು! ಸಾಹೇಬರು, ಯಾರಾದರೂ ಬ್ರೇಕರ್ ಹಾಕಿದ್ದಾರೇನೋ ಎಂದು ಉಪಕೇಂದ್ರಕ್ಕೆ ಸೈಕಲ್ಲಿನ ಮೇಲೆ ಆಳು ಕಳಿಸಿದರು. ಹಾಕಿರಲಿಲ್ಲ. ಎರಡನೆಯ ಓಣಿ: ಹತ್ತಿತು. ಮುಂದಿನದರಲ್ಲಿ ಹತ್ತಲಿಲ್ಲ. ಅದರ ಮುಂದಿನದರಲ್ಲಿ ಉರಿಯುವ ಹಾಗೆ ಹತ್ತಿತು. ಹೆಂಗಸರು ಮಕ್ಕಳು ಕಟ್ಟೆಗೆ ಬಂದು ನಿಂತರು. ಗಂಡಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಹಗಲು ಬೆಳಕಿನಲ್ಲಿ, ಸತ್ತ ಊರಿನಲ್ಲಿ, ನನ್ನ ಗಳದ ತುದಿಯ ಬಲ್ಬು ಮಾತ್ರ ಹತ್ತುತ್ತಾ ಹೋಯಿತು. ಇಷ್ಟು ಓಣಿಗಳೇ? ಇಷ್ಟು ಕಂಬಗಳ ಮೇಲೆ ಇಷ್ಟು ಕಾಲ ನಮ್ಮ ಮಂದಿ ಏರಿ ಇಳಿದರೇ?

ಮೂರ್ತಿ ಸಾಹೇಬರು ಯಾರದೋ ಮನೆಯ ಕಟ್ಟೆಯ ಮೇಲೆ ಧೂಳಿನಲ್ಲೇ ಕುಳಿತುಬಿಟ್ಟರು. ಕನ್ನಡಕ ತೆಗೆದರು, ಒರೆಸಲು ಮರೆತರು. ‘ಇದು ಯಾವ ಲೆಕ್ಕದಲ್ಲೂ ಬರ್ಲಿಲ್ವಲ್ಲಮ್ಮ’ ಎಂದರು. ‘ಏನು ಹೋದ್ರೆ ಏನಾಗುತ್ತೆ ಅಂತ ಕೇಳ್ತಾ ಕೂತಿದ್ವಿ. ಬರಬಾರದ ಕಡೆಯಿಂದ ಬಂದ್ರೆ ಅಂತ ಒಬ್ರೂ ಕೇಳ್ಲಿಲ್ಲ.’ ಆಮೇಲೆ ಎದ್ದು, ‘ಆ ಷರಾ ನಾನೇ ವಾಪಸ್ ಕಳಿಸ್ತೀನಿ. ನಡೀರಿ, ಮೊದ್ಲು ಬೀರಪ್ಪಂಗೆ ಹೇಳೋಣ’ ಎಂದರು. ಉಳಿದ ಓಣಿಗಳನ್ನೂ ನೋಡಿ ಬರಲು ಸೆಕ್ಷನ್ ಅಧಿಕಾರಿಯ ಕೈಗೆ ಗಳ ಕೊಟ್ಟರು. ಸಂಜೆಯವರೆಗೆ ಲೈನು ಬಂದ್ ಇರಲಿ ಎಂದು ಹೇಳಿದರು. ಜೀಪು ಜಮಖಂಡಿಯ ಕಡೆಗೆ ಓಡಿತು.

ಬೀರಪ್ಪ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿದ್ದ. ಮಾಳವ್ವ ಕಾಲ ಬಳಿ ಕುಳಿತಿದ್ದಳು. ನಾನು ಉಸಿರು ತೆಗೆದುಕೊಳ್ಳದೆ ಹೇಳಿದೆ: ‘ಬೀರಪ್ಪಾ, ಕರೆಂಟ ಓಣಿ ಕಡಿಂದ ಬಂದಿತ್ತು. ಜನರೇಟರದ್ದು. ನಿಂದೇನೂ ತಪ್ಪಿಲ್ಲ. ಸಾಹೇಬ್ರು ಕಣ್ಣಾರೆ ನೋಡ್ಯಾರ.’

ಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಹೇಬರು ಮಂಚದ ಕಂಬಿ ಹಿಡಿದು, ‘ನಿಮ್ ಮೇಲೆ ಯಾವ ಷರಾನೂ ಇರಲ್ಲ ಬೀರಪ್ಪ’ ಎಂದರು. ಅವನ ಮುಖದಲ್ಲಿ ನಾನು ಎದುರು ನೋಡಿದ ನೆಮ್ಮದಿ ಕಾಣಲಿಲ್ಲ.

‘ಅದೊಂದ ಓಣ್ಯಾಗ ಅಷ್ಟೇನ್ರಿ?’

‘ಅಲ್ಲ, ಭಾಳ ಓಣ್ಯಾಗ ಹಂಗ ಐತಿ. ಈಗ ಲೈನ್ ಬಂದ್ ಮಾಡಿ ನೋಡಿ ಬಂದ್ವಿ.’

‘ಈಗೂ ಬಂದ್ ಐತೇನ್ರಿ?’

‘ಹೌದು, ಸಂಜೀತನಕ.’

ಬೀರಪ್ಪ ಇಲ್ಲದ ಕೈಯನ್ನು ಊರಲು ಹೋಗಿ ಮುಗ್ಗರಿಸಿ, ಎಡಗೈಯಲ್ಲಿ ಎದ್ದು ಕುಳಿತ. ‘ಹಂಗಾರ ಈಗ ಕಂಬದ ಮ್ಯಾಲ ಯಾರ್ಯಾರ ಅದಾರ್ರಿ?’

ಸಾಹೇಬರು ನನ್ನನ್ನು ನೋಡಿದರು, ನಾನು ಸಾಹೇಬರನ್ನು. ಲೈನು ಬಂದ್ ಆದರೆ ಉಳಿದುಹೋದ ರಿಪೇರಿಗಳಿಗೆಲ್ಲ ಮಂದಿಯನ್ನು ಕಂಬ ಹತ್ತಿಸುವುದು ಪ್ರತಿ ಸೆಕ್ಷನ್ನಿನ ರೂಢಿ. ಅವನೂ ಹಾಗೇ ಹತ್ತಿದ್ದನಲ್ಲ! ಕಂಪೌಂಡರನ ಕೋಣೆಯಲ್ಲಿ ಫೋನಿತ್ತು. ಓಡಿದೆ. ಬನಹಟ್ಟಿ ಸಿಗುವುದರೊಳಗೆ ನನ್ನ ಜೀವ ಹೋಗಿ ಬಂತು. ಸೆಕ್ಷನ್ನಿನ ಕಾರಕೂನ ಎತ್ತಿದ.

‘ಬಾಯಾರ, ನೀವೇನ ಕಾಳಜಿ ಮಾಡಬ್ಯಾಡ್ರಿ’ ಎಂದ ಸಂತೋಷದಿಂದ. ‘ಲೈನ್ ಬಂದ್ ಆದದ್ದು ಛಲೋ ಆತು. ಎಲ್ಲಾರನೂ ಮ್ಯಾಲ ಹತ್ತಿಸೇವಿ.’

‘ಇಳಸೋ!’ ಎಂದು ಕಿರುಚಿದೆ. ದವಾಖಾನೆಯ ಮಂದಿಯೆಲ್ಲ ತಿರುಗಿ ನೋಡಿದರು. ‘ಫೋನ್ ಇಡಬ್ಯಾಡ, ಹಂಗ ಬಿಟ್ಟು ಓಡು, ಸೈಕಲ್ ತಗೊಂಡ ಓಣಿ ಓಣಿಗೆ ಓಡು, ಎಲ್ಲಾರನ್ನೂ ಇಳಿಸಿ ಬಂದು ನನಗ ಹೇಳು!’

ಆ ಕಡೆ ಫೋನು ಮೇಜಿಗೆ ಬಡಿದ ಸದ್ದು, ಆಮೇಲೆ ಏನೂ ಇಲ್ಲ. ನಾನು ಫೋನು ಕಿವಿಗೊತ್ತಿ ನಿಂತೆ. ಸಾಹೇಬರು ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದರು, ಯಾವ ದೇವರ ಹೆಸರೋ. ಅವರ ಹಿಂದೆ ಗೋಡೆ ಹಿಡಿದುಕೊಂಡು, ಮಾಳವ್ವನ ಹೆಗಲ ಮೇಲೆ ಭಾರ ಹಾಕಿ, ಬೀರಪ್ಪ ನಡೆದು ಬಂದ. ಮಂಚದಿಂದ ಕೆಳಗಿಳಿದದ್ದು ಅವತ್ತೇ ಮೊದಲು. ‘ಇಳದ್ರೇನ್ರಿ?’ ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ, ‘ಇಳದ್ರೇನ್ರಿ ಬಾಯಾರ?’

ಕೊನೆಗೆ ಆ ಕಡೆಯಿಂದ ಏದುಸಿರು ಕೇಳಿತು. ‘ಇಳದ್ರ್ರಿ ಬಾಯಾರ... ಎಲ್ಲಾರೂ ಇಳದ್ರು. ಯಾರಿಗೂ ಏನೂ ಆಗಿಲ್ಲ.’

‘ಎಲ್ಲಾರೂ ಇಳದ್ರು ಬೀರಪ್ಪಾ’ ಎಂದೆ. ಬೀರಪ್ಪ ಅಲ್ಲೇ ನೆಲದ ಮೇಲೆ ಕುಳಿತ. ಕೈ ತೆಗೆದ ದಿನವೂ ಅಳದಿದ್ದವನು, ಬಟ್ಟೆ ಸುತ್ತಿದ ಆ ಮೋಟು ತೋಳನ್ನು ಎಡಗೈಯಲ್ಲಿ ತಬ್ಬಿಕೊಂಡು, ಆಗ ಅತ್ತ.